ಜೇಡನ ಎಳೆಯಿಂದ ಮಿಲ್-ಡಾಟ್‌ವರೆಗೆ

ಟೆಕ್ಸಾಸಿನಲ್ಲಿರುವ ನನ್ನ ಗೆಳೆಯನೊಬ್ಬ (ಮಂಡ್ಯದ ಹುಡುಗ, ಇಂಜಿನಿಯರಿಂಗಿನಲ್ಲಿ ನನ್ನ ಪಕ್ಕದ ಬೆಂಚು) ಅಲ್ಲಿನ ಶೂಟಿಂಗ್ ಕ್ಲಬ್ಬೊಂದಕ್ಕೆ ಸೇರಿಕೊಂಡಿದ್ದಾನೆ. 1000 ಗಜ ದೂರದ ಗುರಿಗೆ ಹೊಡೆಯುವ ಆಟ. ರೈಫಲ್ ಆಯ್ತು, ಈಗ ಅದರ ಮೇಲೆ ಕೂರಿಸುವ ದುರ್ಬೀನು ಬೇಕು. ಅದರ ಬೆಲೆ ಕೇಳಿದರೆ ನಮ್ಮೂರಲ್ಲಿ ಒಂದು ಒಳ್ಳೆಯ ಬೈಕೇ ಬರುತ್ತೆ. "ಯಾವ ರೆಟಿಕಲ್ ತಗೊಳ್ಳೋದು ಗುರು? ಒಂದ್ಸಲ ತಗೊಂಡ್ರೆ ಬದಲಾಯಿಸೋ ಹಾಗಿಲ್ಲ" ಅಂತ ಫೋನು ಮಾಡಿದ್ದ.

ನಾನು ಬಂದೂಕು ಹಿಡಿದವನಲ್ಲ. ಆದರೆ ಓದಿದ್ದು ಸಿವಿಲ್ (ಮಾಡ್ತಿರೋದು ಜಾವಾ, ಆ ಕಥೆ ಬೇಡ ಬಿಡಿ :-)). ಸರ್ವೇ ಕ್ಲಾಸಿನಲ್ಲಿ ಥಿಯೋಡಲೈಟ್ ಒಳಗೆ ಇಣುಕಿ ಆ ಅಡ್ಡಗೆರೆ, ಉದ್ದಗೆರೆಗಳನ್ನು ಸಾಕಷ್ಟು ನೋಡಿದ್ದೇನೆ. ಬಂದೂಕಿನ ದುರ್ಬೀನಿನಲ್ಲಿ ಕಾಣುವ ರೆಟಿಕಲ್ಲೂ ಅದೇ ಜಾತಿಯದ್ದು. ಹಾಗಾಗಿ ಅವನ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋಗಿ ಮುಟ್ಟಿದ್ದು 17ನೇ ಶತಮಾನದ ಇಂಗ್ಲೆಂಡಿಗೆ.

ಅಲ್ಲಿ ಲೀಡ್ಸ್ ಪಟ್ಟಣದ ಬಳಿ ವಿಲಿಯಂ ಗ್ಯಾಸ್ಕಾಯ್ನ್ ಎಂಬ ಯುವಕನಿದ್ದ. ಆಕಾಶ ನೋಡುವ ಹುಚ್ಚು. 1640ರ ಆಸುಪಾಸಿನಲ್ಲಿ ಒಂದು ದಿನ ದೂರದರ್ಶಕದಲ್ಲಿ ಕಣ್ಣಿಟ್ಟಾಗ, ನೋಡುತ್ತಿದ್ದ ದೃಶ್ಯದ ಜೊತೆಗೇ ಒಂದು ಗೆರೆ ಸ್ಪಷ್ಟವಾಗಿ ಕಂಡಿತಂತೆ. ತೆಗೆದು ನೋಡಿದರೆ ಒಳಗೆ ಜೇಡವೊಂದು ಎಳೆ ಕಟ್ಟಿತ್ತು!

ಜೇಡ ಎಲ್ಲಿ ಬೇಕಾದರೂ ಎಳೆ ಕಟ್ಟಿದ್ದರೆ ಅದು ಕಾಣುತ್ತಿರಲಿಲ್ಲ. ಗೆಲಿಲಿಯೋ ಬಳಸಿದ ಮಾದರಿಯ ದೂರದರ್ಶಕದ ಒಳಗೆ ಬಿಂಬ ಎಲ್ಲೂ ಮೂಡುವುದೇ ಇಲ್ಲ. 1611ರಲ್ಲಿ ಕೆಪ್ಲರ್ ಸೂಚಿಸಿದ, ಎರಡೂ ಕಡೆ ಪೀನ ಮಸೂರ ಇರುವ ಮಾದರಿಯಲ್ಲಿ ಮಾತ್ರ ಕೊಳವೆಯೊಳಗೆ ಒಂದು ಕಡೆ ದೂರದ ವಸ್ತುವಿನ ಬಿಂಬ ಮೂಡುತ್ತೆ. ಜೇಡ ಸರಿಯಾಗಿ ಅದೇ ಜಾಗ ಆರಿಸಿಕೊಂಡಿತ್ತು. ಅಲ್ಲಿ ಏನಿಟ್ಟರೂ ಅದು ನಕ್ಷತ್ರದ ಮೇಲೇ ಅಂಟಿಸಿದ ಹಾಗೆ ಕಾಣುತ್ತೆ, ಕಣ್ಣು ಅತ್ತಿತ್ತ ಸರಿದರೂ ಕದಲುವುದಿಲ್ಲ.

ಗ್ಯಾಸ್ಕಾಯ್ನ್ ಇದನ್ನು ಎರಡು ಕೆಲಸಕ್ಕೆ ಬಳಸಿದ. ಒಂದು, ದೂರದರ್ಶಕವನ್ನು ಒಂದು ಬಿಂದುವಿಗೆ ಕರಾರುವಾಕ್ಕಾಗಿ ಗುರಿಯಿಡುವುದು. ಇನ್ನೊಂದು, ಸ್ಕ್ರೂ ತಿರುಗಿಸಿದರೆ ಹತ್ತಿರ-ದೂರ ಸರಿಯುವ ಎರಡು ಅಂಚುಗಳನ್ನು ಅದೇ ಜಾಗದಲ್ಲಿಟ್ಟು ಚಂದ್ರ, ಗ್ರಹಗಳ ಅಗಲವನ್ನು ಕೋನದಲ್ಲಿ ಅಳೆಯುವುದು. ತೋರುವುದು ಮತ್ತು ಅಳೆಯುವುದು. ಇವತ್ತು ಅಂಗಡಿಯವರು ತೋರಿಸುವ ನೂರೆಂಟು ರೆಟಿಕಲ್‌ಗಳೆಲ್ಲ ಈ ಎರಡರ ನಡುವಿನ ಹಗ್ಗಜಗ್ಗಾಟವೇ.

ಪಾಪ, ಅವನು ಇದನ್ನೆಲ್ಲ ಪುಸ್ತಕ ಮಾಡಲಿಲ್ಲ. ಅಂತರ್ಯುದ್ಧದಲ್ಲಿ ರಾಜನ ಪಕ್ಷ ಸೇರಿ 1644ರ ಜುಲೈನಲ್ಲಿ ಮಾರ್ಸ್ಟನ್ ಮೂರ್ ಕಾಳಗದಲ್ಲಿ ಸತ್ತ. ಮೂವತ್ತರ ಆಸುಪಾಸಿನ ವಯಸ್ಸು, ಹೆಚ್ಚುಕಡಿಮೆ ನಮ್ಮದೇ. ಇಪ್ಪತ್ತು ವರ್ಷಗಳ ನಂತರ ಪ್ಯಾರಿಸ್ಸಿನಲ್ಲಿ ಓಝೂ ಮತ್ತು ಪಿಕಾರ್ ಇಂಥದ್ದೇ ಉಪಕರಣ ಬಳಸಿ ಹೆಸರಾದಾಗ, ರಿಚರ್ಡ್ ಟೌನ್ಲಿ ಎಂಬವನು 1667ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಗೆ ಬರೆದು, ಇದನ್ನು ನಮ್ಮವನು ಆಗಲೇ ಮಾಡಿದ್ದ ಅಂತ ಸಾಕ್ಷಿ ಒದಗಿಸಿದ. ಆ ಪತ್ರ ಬರದೇ ಹೋಗಿದ್ದರೆ ಗ್ಯಾಸ್ಕಾಯ್ನ್ ಹೆಸರು ನನಗಂತೂ ಸಿಗುತ್ತಿರಲಿಲ್ಲ.

ಅಲ್ಲಿಂದ ಗೆರೆಗಳು ಸರ್ವೇಯವರ ಕೈಗೆ ಬಂದವು. 1800ರಲ್ಲಿ ವಿಲಿಯಂ ಲ್ಯಾಂಬ್ಟನ್ ನಮ್ಮ ಬೆಂಗಳೂರಿನ ಬಳಿ ಸುಮಾರು ಏಳೂವರೆ ಮೈಲಿಯ ಆಧಾರರೇಖೆ ಅಳೆದನಲ್ಲ, ಆ ಕಾಲದ ಕೋನಮಾಪಕಗಳೆಲ್ಲ ನಿಂತಿದ್ದು ಇಂಥ ಗೆರೆಗಳ ಮೇಲೆಯೇ. ಸಿವಿಲ್ ಓದಿದವರಿಗೆ ಇನ್ನೊಂದು ನೆನಪಿರುತ್ತೆ: ನಡುವಿನ ಗೆರೆಯ ಮೇಲೊಂದು ಕೆಳಗೊಂದು ಪುಟ್ಟ ಗೆರೆ, ಸ್ಟೇಡಿಯಾ. ದೂರದಲ್ಲಿ ನಿಲ್ಲಿಸಿದ ಅಳತೆಪಟ್ಟಿಯ ಎಷ್ಟು ಭಾಗ ಅವೆರಡರ ನಡುವೆ ಕಾಣುತ್ತೋ ಅದನ್ನು ನೂರರಿಂದ ಗುಣಿಸಿದರೆ ದೂರ ಸಿಕ್ಕಿತು. 1770ರ ದಶಕದಲ್ಲೇ ಜೇಮ್ಸ್ ವಾಟ್ (ಹೌದು, ಉಗಿಯಂತ್ರದವನೇ) ಇದನ್ನು ಬಳಸಿದ್ದ.

ಬಂದೂಕಿಗೆ ದುರ್ಬೀನು ಗಟ್ಟಿಯಾಗಿ ಬಂದಿದ್ದು 19ನೇ ಶತಮಾನದ ನಡುವಿನಲ್ಲಿ. 1848ರಲ್ಲಿ ಅಮೆರಿಕದಲ್ಲಿ ಈ ಬಗ್ಗೆ ಪುಸ್ತಕ ಬರೆದ ಜಾನ್ ಚಾಪ್ಮನ್ ಕೂಡ ಸಿವಿಲ್ ಇಂಜಿನಿಯರೇ! ಆಗಿನ ದುರ್ಬೀನು ನಳಿಗೆಯಷ್ಟೇ ಉದ್ದದ ಕೊಳವೆ, ಒಳಗೆ ಒಂದನ್ನೊಂದು ಕತ್ತರಿಸುವ ಎರಡು ತೆಳು ಎಳೆ. ತೋರುವ ಕೆಲಸ ಮಾತ್ರ.

ಆದರೆ ದೂರದ ಗುರಿಯ ಪಂದ್ಯಗಳು ಬೆಳೆದಿದ್ದು ದುರ್ಬೀನಿಲ್ಲದೆ. 1874ರಲ್ಲಿ ನ್ಯೂಯಾರ್ಕ್ ಬಳಿಯ ಕ್ರೀಡ್‌ಮೂರ್ ಮೈದಾನದಲ್ಲಿ ಐರ್ಲೆಂಡಿಗೂ ಅಮೆರಿಕಕ್ಕೂ 800, 900, 1000 ಗಜಗಳ ಪಂದ್ಯ ನಡೆಯಿತು. ಬರಿಗಣ್ಣು, ಸಣ್ಣ ತೂತಿನ ಸೈಟು. ಅಮೆರಿಕ 934, ಐರ್ಲೆಂಡ್ 931. ಐರಿಷ್ ತಂಡದ ಮಿಲ್ನರ್ ಹೊಡೆದ ಒಂದು ಗುಂಡು ನಟ್ಟ ನಡುವಿಗೇ ಬಿದ್ದಿತ್ತು, ಆದರೆ ಪಕ್ಕದವರ ಗುರಿಗೆ! ಅದರ ನಾಲ್ಕು ಅಂಕ ಸಿಕ್ಕಿದ್ದರೆ ಐರ್ಲೆಂಡ್ ಗೆಲ್ಲುತ್ತಿತ್ತು. ಯಾವ ರೆಟಿಕಲ್ಲೂ ಇದಕ್ಕೆ ಮದ್ದಲ್ಲ ಬಿಡಿ.

20ನೇ ಶತಮಾನದಲ್ಲಿ ಅಮೆರಿಕದ ಅಲಬಾಮಾದಲ್ಲಿ ಟಿ.ಕೆ. ಲೀ ಎಂಬವನು ಜೇಡನ ಎಳೆಯ ಮೇಲೆ ಪುಟ್ಟ ಚುಕ್ಕೆ ಕೂರಿಸಿ ಕೊಡುತ್ತಿದ್ದ. ಎರಡನೇ ಮಹಾಯುದ್ಧದ ಕಾಲದಲ್ಲೂ ಉಪಕರಣಗಳಿಗೆ ಜೇಡನ ಎಳೆಯೇ ಬೇಕಾಗಿ, ಕ್ಯಾಲಿಫೋರ್ನಿಯಾದ ನ್ಯಾನ್ ಸಾಂಗರ್ ಎಂಬ ಮಹಿಳೆ ವಿಷಜಂತು ಬ್ಲ್ಯಾಕ್ ವಿಡೋ ಜೇಡಗಳನ್ನು ಸಾಕಿ ಎಳೆ ತೆಗೆದು ಪೂರೈಸುತ್ತಿದ್ದರು. ಕೂದಲಿನ ಹತ್ತನೇ ಒಂದು ಪಾಲೂ ಇರದ ದಪ್ಪ, ಆದರೂ ಎಳೆದು ಕಟ್ಟಿದರೆ ತುಂಡಾಗದು.

ಅಳೆಯುವ ಕೆಲಸ ಬಂದೂಕಿಗೆ ದೊಡ್ಡದಾಗಿ ಬಂದಿದ್ದು 1970ರ ದಶಕದ ಕೊನೆಯಲ್ಲಿ, ಅಮೆರಿಕದ ಮೆರೀನ್ ಪಡೆಯ ಮಿಲ್-ಡಾಟ್ ಮೂಲಕ. ಗೆರೆಗಳ ಮೇಲೆ ಒಂದೊಂದು ಮಿಲಿರೇಡಿಯನ್‌ಗೆ ಒಂದೊಂದು ಚುಕ್ಕೆ. 1000 ಮೀಟರಿನಲ್ಲಿ ಒಂದು ಮಿಲ್ ಅಂದರೆ ಒಂದು ಮೀಟರು. ಒಂದು ಮೀಟರ್ ಎತ್ತರದ ವಸ್ತು ಎರಡು ಮಿಲ್ ಕಂಡರೆ ಅದು 500 ಮೀಟರ್ ದೂರದಲ್ಲಿದೆ. ನಮ್ಮ ಸ್ಟೇಡಿಯಾದ ಲೆಕ್ಕವೇ, ಅಳತೆಪಟ್ಟಿ ಹಿಡಿದು ನಿಲ್ಲುವವನಿಲ್ಲ ಅಷ್ಟೇ. ತೊಂದರೆ ಏನೆಂದರೆ, ಒಂದು ಮಿಲ್ ಕಾಣುವುದನ್ನು 1.1 ಅಂತ ಓದಿದರೆ 1000 ಮೀಟರು 909 ಆಗಿಬಿಡುತ್ತೆ. ಆ ದೂರದಲ್ಲಿ 90 ಮೀಟರ್ ತಪ್ಪಿದರೆ ಗುಂಡು ಗುರಿಯ ಹತ್ತಿರಕ್ಕೂ ಬರುವುದಿಲ್ಲ. ಕೈಯಲ್ಲಿ ಹಿಡಿಯುವ ಲೇಸರ್ ದೂರಮಾಪಕ ಬಂದ ಮೇಲೆ ಚುಕ್ಕೆಗಳ ಮುಖ್ಯ ಕೆಲಸ ಬದಲಾಯಿತು: ಗಾಳಿಗೆ ಇಷ್ಟು ಪಕ್ಕಕ್ಕೆ, ದೂರಕ್ಕೆ ಇಷ್ಟು ಮೇಲಕ್ಕೆ ಹಿಡಿ ಅಂತ ಹೇಳುವುದು. ಮುಂದೆ ಹೋರಸ್ ಕಂಪನಿಯವರು ಕೆಳಗಿನ ಅರ್ಧಕ್ಕೆ ಇಡೀ ಗ್ರಾಫ್ ಹಾಳೆಯನ್ನೇ ಹಾಕಿಬಿಟ್ಟರು.

ಈಗ ಗೆಳೆಯನ ಪ್ರಶ್ನೆ. ಅವನು ಸೇರಿರುವುದು ಎಫ್-ಕ್ಲಾಸ್ ಎಂಬ ಪಂದ್ಯಕ್ಕೆ. ಕೆನಡಾದ ಜಾರ್ಜ್ ಫಾರ್ಕ್ವರ್‌ಸನ್ ಎಂಬ ಹಿರಿಯ ಶೂಟರ್‌ಗೆ ವಯಸ್ಸಾಗಿ ಬರಿಗಣ್ಣಿನ ಸೈಟು ಕಾಣದಾದಾಗ, ದುರ್ಬೀನೂ ಆಸರೆಯೂ ಇಟ್ಟು ಹೊಡೆಯಲು ಬಿಡಿ ಅಂತ ಕೇಳಿ ಶುರುವಾದ ಆಟ. ಎಫ್ ಅಂದರೆ ಅವರ ಹೆಸರೇ. ಇಲ್ಲಿ ದೂರ ಮೊದಲೇ ಗೊತ್ತು, ಅಳೆಯುವ ಪ್ರಶ್ನೆಯಿಲ್ಲ. ಗಾಳಿ? ಗಂಟೆಗೆ ಹತ್ತು ಮೈಲಿಯ ಅಡ್ಡಗಾಳಿ ಸಾಮಾನ್ಯ .308 ಗುಂಡನ್ನು 1000 ಗಜದಲ್ಲಿ ಎರಡು ಮೀಟರಿಗೂ ಹೆಚ್ಚು ತಳ್ಳುತ್ತೆ. ಬಹುಪಾಲನ್ನು ತಿರುಪು ತಿರುಗಿಸಿ ಸರಿಪಡಿಸುತ್ತಾರೆ. ಉಳಿದದ್ದನ್ನು ಅಳೆಯಲು ಗುರಿಹಲಗೆಯಲ್ಲೇ ಉಂಗುರಗಳಿವೆ: ಒಳಗಿನದು ಐದು ಇಂಚು, ಹತ್ತರ ಉಂಗುರ ಹತ್ತು ಇಂಚು, ಒಂಬತ್ತರದು ಇಪ್ಪತ್ತು. ಅಂದರೆ ಅಳತೆಪಟ್ಟಿ ಆಗಲೇ ಆ ತುದಿಯಲ್ಲಿ ನಿಂತಿದೆ! ಮತ್ತೆ ಗಾಜಿನಲ್ಲೂ ಇನ್ನೊಂದು ಬೇಕೆ?

ಗಾಜಿನಲ್ಲಿ ಏನು ಕೆತ್ತಿದರೂ ಅದು ಅಷ್ಟು ಗುರಿಯನ್ನು ಮುಚ್ಚುತ್ತೆ. ಕೋನದ ಒಂದು ಮಿನಿಟ್ 1000 ಗಜದಲ್ಲಿ ಸುಮಾರು ಹತ್ತೂವರೆ ಇಂಚು. ಎರಡು ಮಿನಿಟ್ಟಿನ ಚುಕ್ಕೆ ಹಾಕಿಸಿಕೊಂಡರೆ ಹತ್ತರ ಉಂಗುರವೇ ಮಾಯ. ಮಿನಿಟ್ಟಿನ ಎಂಟನೇ ಒಂದು ಪಾಲಿನ ಚುಕ್ಕೆಯಾದರೆ ಮುಚ್ಚುವುದು 1.3 ಇಂಚು ಮಾತ್ರ, ಐದಿಂಚಿನ ಉಂಗುರದೊಳಗೆ ಅದು ಹಾಯಾಗಿ ಕೂರುತ್ತೆ.

ಇನ್ನೊಂದು ಗೊಂದಲ ಫಸ್ಟ್ ಫೋಕಲ್, ಸೆಕೆಂಡ್ ಫೋಕಲ್ ಅನ್ನುವುದು. ಬಂದೂಕಿನ ದುರ್ಬೀನಿನಲ್ಲಿ ತಲೆಕೆಳಗಾದ ಬಿಂಬವನ್ನು ನೇರ ಮಾಡಲು ನಡುವೆ ಇನ್ನಷ್ಟು ಮಸೂರಗಳಿವೆ. ಹಾಗಾಗಿ ಬಿಂಬ ಎರಡು ಕಡೆ ಮೂಡುತ್ತೆ, ಗ್ಯಾಸ್ಕಾಯ್ನನ ಜೇಡಕ್ಕೆ ಎರಡು ಮನೆ. ಮೊದಲನೆಯ ಮನೆಯಲ್ಲಿ ಗೆರೆ ಇಟ್ಟರೆ, ಜೂಮ್ ಮಾಡಿದಾಗ ಗುರಿಯ ಜೊತೆ ಗೆರೆಯೂ ದಪ್ಪವಾಗುತ್ತೆ, ಆದರೆ ಅಳತೆ ಯಾವಾಗಲೂ ನಿಜ. ಎರಡನೆಯದರಲ್ಲಿಟ್ಟರೆ ಗೆರೆ ಕಣ್ಣಿಗೆ ಒಂದೇ ದಪ್ಪ. ಗುರಿ ದೊಡ್ಡದಾದಷ್ಟೂ ಅದು ಮುಚ್ಚುವುದು ಕಡಿಮೆ, ಆದರೆ ಅಳತೆ ಒಂದೇ ಒಂದು ಜೂಮಿನಲ್ಲಿ ಸರಿ. 20 ಪಟ್ಟಿಗೆ ಹೊಂದಿಸಿದ ಒಂದು ಮಿಲ್, 10 ಪಟ್ಟಿಗೆ ಇಳಿಸಿದರೆ ಎರಡು ಮಿಲ್ ಆಗಿರುತ್ತೆ.

ನಾನು ಅವನಿಗೆ ಹೇಳಿದ್ದು: ಸೆಕೆಂಡ್ ಫೋಕಲ್, ಸಣ್ಣ ಚುಕ್ಕೆ, ತೆಳು ಗೆರೆ, ಗ್ರಾಫ್ ಹಾಳೆ ಬೇಡ. ಮುಂದೆ ಬೇರೆ ಬೇರೆ ದೂರದ ಉಕ್ಕಿನ ತಟ್ಟೆಗಳಿಗೆ ಗಡಿಯಾರ ನೋಡಿಕೊಂಡು ಹೊಡೆಯುವ ಪಂದ್ಯಕ್ಕೆ ಹೋದರೆ ಮಾತು ಪೂರ್ತಿ ತಿರುಗುಮುರುಗು. ಅಲ್ಲಿ ಪ್ರತಿ ಸಲ ತಿರುಪು ತಿರುಗಿಸಲು ಪುರಸೊತ್ತಿರುವುದಿಲ್ಲ, ಗುರಿಯ ಮೇಲೆ ಉಂಗುರವೂ ಇಲ್ಲ, ಮಿಲ್ ಗೆರೆಗಳ ಫಸ್ಟ್ ಫೋಕಲ್ಲೇ ಬೇಕು.

ಅಂದ ಹಾಗೆ, ಲೀ ಮಾಡಲಾಗದ ಒಂದು ಕೆಲಸ ಈಗ ಆಗಿದೆ. ಅವನ ಚುಕ್ಕೆಗೆ ನೇತಾಡಲು ಎಳೆ ಬೇಕೇ ಬೇಕಿತ್ತು, ಆ ಎಳೆ ಗುರಿಯನ್ನು ಅಂಚಿನಿಂದ ಅಂಚಿಗೆ ಸೀಳುತ್ತಿತ್ತು. ಈಗ ಗೆರೆಗಳನ್ನು ಗಾಜಿನ ಮೇಲೇ ಕೆತ್ತುತ್ತಾರಾದ್ದರಿಂದ ಗೆರೆಗಳು ನಡುವಿಗೆ ಬರುವ ಮುಂಚೆಯೇ ನಿಂತುಬಿಡುತ್ತವೆ. ಚುಕ್ಕೆಯೊಂದೇ ಮಧ್ಯದಲ್ಲಿ ತೇಲುತ್ತಿರುತ್ತೆ, ಸುತ್ತ ಬರೀ ಗುರಿ.