ಚಾರಣದ ಹೊರೆ

ಟ್ರೆಕ್ಕಿಂಗ್‌ಗೆ ಕನ್ನಡ ಪತ್ರಿಕೆಗಳು ಬಳಸುವ ಮಾತು ಚಾರಣ. ಚೆಂದದ ಮಾತು, ಹಳೆಯದೂ ಹೌದು. ಜೈನ ಪರಂಪರೆಯಲ್ಲಿ ನೆಲ ಮುಟ್ಟದೆ ಆಕಾಶದಲ್ಲಿ ಸಂಚರಿಸಬಲ್ಲ ತಪಸ್ವಿಗಳಿಗೆ ಚಾರಣರೆಂದು ಹೆಸರು. ಪಂಪನ ‘ಆದಿಪುರಾಣ’ದಲ್ಲಿ ಇಂಥ ಚಾರಣ ಮುನಿಗಳು ಬಂದು ಹೋಗುತ್ತಾರೆ. ಅವರ ಕಾಲಿಗೆ ಕಲ್ಲುಮುಳ್ಳಿಲ್ಲ, ಬೆನ್ನಿಗೆ ಹೊರೆಯಿಲ್ಲ.

ಟ್ರೆಕ್ ಎಂಬ ಮಾತಿನ ಕಥೆ ಇದಕ್ಕೆ ತದ್ವಿರುದ್ಧ. ಅದು ಡಚ್ಚರ ‘ಟ್ರೆಕ್ಕೆನ್’ನಿಂದ ಬಂದದ್ದು, ಎಳೆಯುವುದು ಎಂದು ಅರ್ಥ. ದಕ್ಷಿಣ ಆಫ್ರಿಕಾದಲ್ಲಿ ನೆಲೆಸಿದ್ದ ಡಚ್ ಮೂಲದ ಬೋಯರ್ ರೈತರು ಎತ್ತಿನ ಬಂಡಿ ಕಟ್ಟಿಕೊಂಡು ಹೋಗುವ ಪ್ರಯಾಣಕ್ಕೆ ಟ್ರೆಕ್ ಎನ್ನುತ್ತಿದ್ದರು. 1830ರ ದಶಕದ ನಡುವಿನಲ್ಲಿ ಅವರಲ್ಲಿ ಸಾವಿರಾರು ಮಂದಿ ಬ್ರಿಟಿಷರ ಕೇಪ್ ಕಾಲೊನಿ ಬಿಟ್ಟು ಒಳನಾಡಿಗೆ ಹೊರಟರು. ಬ್ರಿಟಿಷರು ಗುಲಾಮಗಿರಿ ರದ್ದು ಮಾಡಿದ್ದು ಅವರ ಸಿಟ್ಟಿನ ಕಾರಣಗಳಲ್ಲೊಂದು. ಚರಿತ್ರೆಯ ಪುಸ್ತಕಗಳಲ್ಲಿ ಇದು ‘ಗ್ರೇಟ್ ಟ್ರೆಕ್’. ಬಂಡಿಗಳ ಜೊತೆ ಅವರ ಕರಿಯ ಆಳುಗಳೂ ನಡೆದರು. ಬೋಯರರು ತಮ್ಮ ಸಾಹಸವೆಂದು ಹೇಳಿಕೊಂಡ ಕಥೆಯಲ್ಲಿ ಆ ಆಳುಗಳಿಗೆ ಸಿಕ್ಕ ಜಾಗ ಬಲು ಕಡಿಮೆ.

ಬಂಡಿಯ ಈ ಮಾತನ್ನು ಹಿಮಾಲಯದಲ್ಲಿ ವ್ಯಾಪಾರದ ಹೆಸರಾಗಿ ನೆಲೆಗೊಳಿಸಿದವರಲ್ಲಿ ಮೊದಲಿಗ ಜಿಮ್ಮಿ ರಾಬರ್ಟ್ಸ್. ಗೂರ್ಖಾ ಪಡೆಯಲ್ಲಿ ಅಧಿಕಾರಿಯಾಗಿದ್ದವನು, ತಾನೂ ಪರ್ವತಾರೋಹಿ. 1953ರ ಎವರೆಸ್ಟ್ ತಂಡದ ಸಾಮಾನು ಹೊತ್ತು ಕಠ್ಮಂಡು ಕಣಿವೆಯಿಂದ ಹೊರಟ ಹಮಾಲರು 350ರಷ್ಟು. ತೆಂಗ್ಬೋಚೆಯ ಮಠದವರೆಗೆ ಹದಿನೇಳು ದಿನದ ದಾರಿ. ಅವರ ಹಿಂದೆ ಆಮ್ಲಜನಕದ ಸಿಲಿಂಡರುಗಳನ್ನು ಹೊತ್ತ ಇನ್ನೊಂದು ಸಾಲು ಬಂತು. ಅದರ ಉಸ್ತುವಾರಿ ರಾಬರ್ಟ್ಸ್‌ನದು. ಒಂದು ಪರ್ವತ ಏರಲು ಎಷ್ಟು ಬೆನ್ನುಗಳು ಬೇಕೆಂದು ಅವನು ಕಣ್ಣಾರೆ ಕಂಡಿದ್ದ.

1964ರಲ್ಲಿ ಅವನು ಕಠ್ಮಂಡುವಿನಲ್ಲಿ ‘ಮೌಂಟನ್ ಟ್ರಾವೆಲ್’ ಎಂಬ ಸಂಸ್ಥೆ ತೆರೆದ. ನೇಪಾಳದ ಮೊದಲ ಟ್ರೆಕ್ಕಿಂಗ್ ಸಂಸ್ಥೆ ಅದು. ಅವನ ಉಪಾಯ ಸರಳ: ದಂಡಯಾತ್ರೆಯಂಥ ಪರ್ವತಾರೋಹಣದಿಂದ ಶಿಖರವೊಂದನ್ನು ಬಿಟ್ಟು ಉಳಿದದ್ದನ್ನೆಲ್ಲ ಮಾರುವುದು. ಡೇರೆ, ಅಡುಗೆಯವನು, ಮುಂದಾಳು ಸರ್ದಾರ, ಹಮಾಲರು, ಬೆಳಿಗ್ಗೆ ಡೇರೆಯ ಬಾಗಿಲಿಗೆ ಬರುವ ಚಹಾ. ಗಿರಾಕಿ ಬರಿಗೈಯಲ್ಲಿ ನಡೆದರೆ ಸಾಕು.

ಈ ವ್ಯಾಪಾರಕ್ಕೆ ಆಳುಗಳು ಸಿಕ್ಕಿದ್ದಕ್ಕೆ ಹಿಂದೊಂದು ಕಾರಣವಿತ್ತು. ಎವರೆಸ್ಟಿನ ಬುಡದ ಖುಂಬು ಸೀಮೆಯ ಶೆರ್ಪಾಗಳು ತಲೆಮಾರುಗಳಿಂದ ಸುಮಾರು 5,700 ಮೀಟರ್ ಎತ್ತರದ ನಾಂಗ್ಪಾ ಲಾ ಕಣಿವೆದಾರಿ ದಾಟಿ ಟಿಬೆಟ್ಟಿಗೆ ಧಾನ್ಯ ಒಯ್ದು, ಉಪ್ಪು, ಉಣ್ಣೆ ತರುತ್ತಿದ್ದರು. 1959ರ ಟಿಬೆಟ್ ದಂಗೆಯ ನಂತರ ಚೀನಾ ಗಡಿಯನ್ನು ಬಿಗಿ ಮಾಡಿತು, ಆ ವ್ಯಾಪಾರ ಸೊರಗಿತು. ಉಪ್ಪಿನ ದಾರಿ ಸಣ್ಣದಾದ ಕೆಲವೇ ವರ್ಷಗಳಲ್ಲಿ ಟ್ರೆಕ್ಕಿಂಗ್ ದಾರಿ ತೆರೆಯಿತು. ಹೊಟ್ಟೆಪಾಡಿಗೆ ನಡೆಯುತ್ತಿದ್ದವರು ನಡೆಯುತ್ತಲೇ ಇದ್ದರು. ಬದಲಾದದ್ದು ಬೆನ್ನ ಮೇಲಿನ ಸಾಮಾನು.

ಶೆರ್ಪಾ ಎಂದರೆ ಟಿಬೆಟನ್ ಮಾತಿನಲ್ಲಿ ಮೂಡಣ ಸೀಮೆಯವರು ಎಂದರ್ಥ. ಅದು ಒಂದು ಜನಾಂಗದ ಹೆಸರು. ಹೊರಗಿನವರ ಬಾಯಲ್ಲಿ ಅದು ಹೊರೆ ಹೊರುವ ಕೆಲಸದ ಹೆಸರಾಯಿತು. ನಿಜದಲ್ಲಿ ಕೆಳಗಿನ ದಾರಿಗಳಲ್ಲಿ ಹೊರುವವರಲ್ಲಿ ಬಹಳಷ್ಟು ಮಂದಿ ರಾಯ್, ತಮಂಗ್, ಮಗರ್ ಮೊದಲಾದ ಸಮುದಾಯದವರು. ನೇಪಾಳಿಯಲ್ಲಿ ಹೊರುವವನಿಗೆ ಬೇರೆಯೇ ಮಾತಿದೆ: ಭರಿಯಾ. ಅದರೊಳಗಿನ ‘ಭಾರ’ ಕನ್ನಡದ ಕಿವಿಗೆ ತಾನಾಗಿಯೇ ಕೇಳುತ್ತದೆ.

ಆ ಭಾರವನ್ನು ತೂಗಿ ನೋಡಿದವರೂ ಇದ್ದಾರೆ. ನಾಮ್ಚೆ ಸಂತೆಗೆ ಸರಕು ಹೊತ್ತು ಹೋಗುವ ಭರಿಯಾಗಳನ್ನು ಕುರಿತ ಅಧ್ಯಯನವೊಂದು 2005ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಕಠ್ಮಂಡು ಕಣಿವೆಯ ಕಡೆಯಿಂದ ಅಲ್ಲಿಗೆ ನೂರು ಕಿಲೋಮೀಟರ್ ದಾರಿ. ಏರುಗಳನ್ನಷ್ಟೇ ಕೂಡಿಸಿದರೆ 8,000 ಮೀಟರಿಗೂ ಹೆಚ್ಚು. ಗಂಡಸರು ಸರಾಸರಿ ತಮ್ಮ ಮೈತೂಕದ ಶೇ. 93ರಷ್ಟು, ಹೆಂಗಸರು ಶೇ. 66ರಷ್ಟು ಹೊರುತ್ತಿದ್ದರು. ಡೋಕೊ ಎಂಬ ಬಿದಿರಿನ ಬುಟ್ಟಿ ಬೆನ್ನಿಗೆ, ಅದರ ಅಡಿಯಿಂದ ಬಂದ ನಾಮ್ಲೊ ಎಂಬ ಪಟ್ಟಿ ತಲೆಗೆ, ಕೈಯಲ್ಲಿ ತೊಕ್ಮಾ ಎಂಬ ಊರುಗೋಲು. ನಿಧಾನ ನಡೆದು, ಮೇಲಿಂದ ಮೇಲೆ ನಿಲ್ಲುವುದು ಅವರ ಕ್ರಮ. ಬೆನ್ನುಚೀಲದ ಪಾಶ್ಚಾತ್ಯ ನಡಿಗೆಗಾರರಿಗಿಂತ ಕಡಿಮೆ ಶಕ್ತಿ ವ್ಯಯಿಸಿ ಅವರು ಹೆಚ್ಚು ಹೊರುತ್ತಾರೆಂದು ಅಧ್ಯಯನ ಕಂಡುಕೊಂಡಿತು.

ಅದು ಸಂತೆಯ ದಾರಿಯ ಲೆಕ್ಕ. ಶಿಖರದ ದಾರಿಯಲ್ಲಿ ಹೊರೆಯ ಬೆಲೆ ಇನ್ನೂ ದೊಡ್ಡದು. 2014ರ ಏಪ್ರಿಲ್ 18ರಂದು ಎವರೆಸ್ಟಿನ ಖುಂಬು ಹಿಮಪಾತದ ಇಳಿಜಾರಿನಲ್ಲಿ ಮಂಜುಗಡ್ಡೆ ಕುಸಿದು ಹದಿನಾರು ಮಂದಿ ಸತ್ತರು. ಹದಿನಾರು ಮಂದಿಯೂ ನೇಪಾಳಿ ಕೆಲಸಗಾರರು. ಆರೋಹಿಗಳು ಏರುವ ಮೊದಲೇ ದಾರಿ ಸಿದ್ಧಪಡಿಸಿ ಸಾಮಾನು ಮೇಲೆ ಮುಟ್ಟಿಸಬೇಕಿತ್ತು; ಅದಕ್ಕೆ ಹೋದವರು ಅವರು.

ಕಾಡುಮೇಡಿನ ನಡಿಗೆಯ ಬರಹಗಳಲ್ಲಿ ನಿರ್ಜನ ಎಂಬ ಮಾತು ಮತ್ತೆ ಮತ್ತೆ ಬರುತ್ತದೆ. ಅದು ಪೂರ್ತಿ ಸುಳ್ಳಲ್ಲ. ಆಫೀಸು, ಟ್ರಾಫಿಕ್ಕು ಬಿಟ್ಟು ಅಲ್ಲಿಗೆ ಹೋದವರಿಗೆ ಸಿಗುವ ಮೌನ ನಿಜ, ಕಾಲಿನ ನೋವೂ ನಿಜ. ಆದರೆ ಆ ಮೌನಕ್ಕೆ ಕರೆದೊಯ್ಯುವ ಮೆಟ್ಟಿಲು, ತೂಗುಸೇತುವೆ, ಕಾಲುದಾರಿಗಳನ್ನು ಸವೆಸಿದ್ದು ಉಪ್ಪು, ಅಕ್ಕಿ, ಸೀಮೆಎಣ್ಣೆ ಹೊತ್ತ ಪಾದಗಳು.

ನೇಪಾಳದ ಬೆಟ್ಟದಾರಿಗಳಲ್ಲಿ ಚೌತಾರಗಳಿವೆ. ಆಲ, ಅರಳಿ ಮರಗಳ ಸುತ್ತ ಕಟ್ಟಿದ ಕಲ್ಲಿನ ಕಟ್ಟೆ. ತಮಿಳುನಾಡಿನ ಹಳೆಯ ದಾರಿಗಳಲ್ಲಿ ಕಾಣುವ ಸುಮೈತಾಂಗಿ ಕಲ್ಲಿನದೂ ಇದೇ ಕೆಲಸ, ಹೊರೆ ಇಳಿಸಿಕೊಡುವುದು. ಚೌತಾರದ ಅಂಚಿನಲ್ಲಿ ಬುಟ್ಟಿಯ ತಳ ಕೂರುವಷ್ಟು ಎತ್ತರಕ್ಕೆ ಒಂದು ಮೆಟ್ಟಿಲಿರುತ್ತದೆ. ಭರಿಯಾ ಅದಕ್ಕೆ ಬೆನ್ನು ಕೊಟ್ಟು ನಿಂತರೆ ಸಾಕು, ಇನ್ನೊಬ್ಬರ ನೆರವಿಲ್ಲದೆ ಹೊರೆ ಕಲ್ಲಿನ ಮೇಲೆ ಕೂರುತ್ತದೆ, ಹಣೆಯ ಪಟ್ಟಿ ಸಡಿಲಾಗುತ್ತದೆ. ಬರಿಗೈಯಲ್ಲಿ ನಡೆಯುವವರಿಗೆ ಆ ಎತ್ತರ ಕೂರಲು ಅಷ್ಟೇನೂ ಹಿತವಲ್ಲ. ಕಟ್ಟಿದವರ ಮನಸ್ಸಿನಲ್ಲಿದ್ದವರು ಅವರಲ್ಲ.