ಇನ್ನೂರನೇ ಕಂತಿನಲ್ಲಿ ಕ್ಲಾರ್ಕ್ ಕೆಂಟ್ ಹಿಂದಕ್ಕೆ ತಿರುಗಿ ನೋಡಿದ್ದು

ಇಯರ್‌ಫೋನ್ ಹಾಕ್ಕೊಂಡು ಬಸ್ಸಲ್ಲೋ ಮೆಟ್ರೋದಲ್ಲೋ ಕೂತಿದ್ದೀರಾ ಅಂದ್ಕೋತೀನಿ. ಇವತ್ತು ನಾವು ಮಾತಾಡೋದು ಒಂದೇ ಒಂದು ಟಿವಿ ಕಂತಿನ ಬಗ್ಗೆ. ಆದರೆ ಅದರ ಹಿಂದೆ 60 ವರ್ಷಕ್ಕೂ ಹೆಚ್ಚಿನ ಇತಿಹಾಸ ಇದೆ.

2010ರ ಅಕ್ಟೋಬರ್ 15, ಶುಕ್ರವಾರ. ಅಮೆರಿಕದ 'ದಿ ಸಿಡಬ್ಲ್ಯೂ' ಚಾನೆಲ್‌ನಲ್ಲಿ 'ಸ್ಮಾಲ್‌ವಿಲ್' ಧಾರಾವಾಹಿಯ 200ನೇ ಕಂತು ಬಂತು. ಹೆಸರು 'ಹೋಮ್‌ಕಮಿಂಗ್'. ಕ್ಲಾರ್ಕ್ ಕೆಂಟ್ ತನ್ನ ಹಳೇ ಹೈಸ್ಕೂಲಿಗೆ ಐದು ವರ್ಷದ ಮೇಲೆ ವಾಪಸ್ ಹೋಗ್ತಾನೆ. ಅಲ್ಲಿ ಭವಿಷ್ಯದಿಂದ ಬಂದ ಒಬ್ಬ ಅವನನ್ನ ಹಿಡ್ಕೊಂಡು ಮೊದಲು ಹಿಂದಿನ ಕಾಲಕ್ಕೆ, ಆಮೇಲೆ ಈಗಿನ ಕಾಲಕ್ಕೆ, ಕೊನೆಗೆ ಮುಂದಿನ ಕಾಲಕ್ಕೆ ಕರ್ಕೊಂಡು ಹೋಗ್ತಾನೆ. ಇಷ್ಟೇ ಕಥೆ. ಆದರೆ ಈ ಕಂತು ಅಂದ್ರೆ ಸ್ಮಾಲ್‌ವಿಲ್ ಅಭಿಮಾನಿಗಳು ಇವತ್ತಿಗೂ ಎರಡು ಗುಂಪಾಗಿ ವಾದ ಮಾಡ್ತಾರೆ. ಯಾಕೆ ಅಂತ ನೋಡೋಣ.

ಹಾರೋದಿಲ್ಲ, ಡ್ರೆಸ್ ಹಾಕೋದಿಲ್ಲ

ನೋಡದೇ ಇರೋರಿಗೆ ಸ್ವಲ್ಪ ಹಿನ್ನೆಲೆ. ಸ್ಮಾಲ್‌ವಿಲ್ ಶುರುವಾಗಿದ್ದು 2001ರ ಅಕ್ಟೋಬರ್ 16ಕ್ಕೆ, 'ದಿ ಡಬ್ಲ್ಯೂಬಿ' ಚಾನೆಲ್‌ನಲ್ಲಿ. ಅದನ್ನ ಕಟ್ಟಿದವರು ಆಲ್ಫ್ರೆಡ್ ಗಫ್ ಮತ್ತು ಮೈಲ್ಸ್ ಮಿಲ್ಲರ್. ಸೂಪರ್‌ಮ್ಯಾನ್ ಆಗೋಕೆ ಮುಂಚೆ ಕ್ಲಾರ್ಕ್ ಹೇಗಿದ್ದ ಅನ್ನೋದೇ ವಿಷಯ. ಅವರಿಬ್ಬರು ಹಾಕ್ಕೊಂಡ ನಿಯಮ ತುಂಬಾ ಫೇಮಸ್: ಹುಡುಗ ಹಾರಬಾರದು, ಆ ನೀಲಿ ಕೆಂಪು ಡ್ರೆಸ್ ಹಾಕಬಾರದು. ಕ್ಲಾರ್ಕ್ ಪಾತ್ರದಲ್ಲಿ ಟಾಮ್ ವೆಲ್ಲಿಂಗ್, ಲೆಕ್ಸ್ ಲೂಥರ್ ಆಗಿ ಮೈಕಲ್ ರೋಸೆನ್‌ಬಾಮ್, ಲಾನಾ ಆಗಿ ಕ್ರಿಸ್ಟಿನ್ ಕ್ರೂಕ್. 2011ರ ಮೇ ತಿಂಗಳವರೆಗೆ, ಒಟ್ಟು ಹತ್ತು ಸೀಸನ್ ನಡೀತು.

ಇಲ್ಲಿ ಒಂದು ಮಜಾ ಇದೆ. ನೋಡ್ತಿರೋ ಎಲ್ಲರಿಗೂ ಇವನು ಸೂಪರ್‌ಮ್ಯಾನ್ ಆಗ್ತಾನೆ ಅಂತ ಗೊತ್ತು. ಗೊತ್ತಿಲ್ಲದೇ ಇರೋದು ಕ್ಲಾರ್ಕ್‌ಗೆ ಮಾತ್ರ. ಈ ಮಾತು ನೆನಪಿಟ್ಕೊಳ್ಳಿ, ಆಮೇಲೆ ಬೇಕಾಗುತ್ತೆ.

100, 200 ಅಂದ್ರೆ ಯಾಕೆ ಹಬ್ಬ?

ನಾನು ಬಿ.ಕಾಂ ಓದಿದವನು, ಲೆಕ್ಕ ನೋಡದೆ ಮುಂದೆ ಹೋಗೋಕಾಗಲ್ಲ. ಆಗಿನ ಅಮೆರಿಕನ್ ಟಿವಿಯಲ್ಲಿ ಒಂದು ಸೀಸನ್‌ಗೆ ಸುಮಾರು 22 ಕಂತು. ಮೊದಲ ಸಲ ಪ್ರಸಾರ ಆದಾಗ ಬರೋ ದುಡ್ಡಲ್ಲಿ ಎಷ್ಟೋ ಸಲ ನಿರ್ಮಾಣದ ಖರ್ಚೇ ಗಿಟ್ಟೋದಿಲ್ಲ. ನಿಜವಾದ ಲಾಭ ಮರುಪ್ರಸಾರದಲ್ಲಿ. ಬೇರೆ ಚಾನೆಲ್‌ಗಳಿಗೆ ಮಾರಿ, ದಿನಾ ಒಂದು ಕಂತಿನ ಹಾಗೆ ಹಾಕಿಸೋದು. ಅದಕ್ಕೆ 'ಸಿಂಡಿಕೇಶನ್' ಅಂತಾರೆ. ವಾರಕ್ಕೆ ಐದು ಕಂತು ಹಾಕಿದ್ರೆ 100 ಕಂತು 20 ವಾರ ಬರುತ್ತೆ. ಅಷ್ಟಿದ್ರೆ ಕೊಳ್ಳೋರು ಸಿಗ್ತಾರೆ. ಹಾಗಾಗಿ 100ನೇ ಕಂತು ಅಂದ್ರೆ ಸೆಟ್‌ನಲ್ಲಿ ಕೇಕ್ ಕತ್ತರಿಸೋ ದಿನ. 200 ಮುಟ್ಟಿದವು ಇನ್ನೂ ಕಡಿಮೆ.

ಆದರೆ ಸ್ಮಾಲ್‌ವಿಲ್ 200 ಮುಟ್ಟೋ ಹೊತ್ತಿಗೆ ಮನೆ ಅರ್ಧ ಖಾಲಿ. ಡಬ್ಲ್ಯೂಬಿ ಚಾನೆಲ್ 2006ರಲ್ಲೇ ಮುಚ್ಚಿ ಸಿಡಬ್ಲ್ಯೂ ಆಗಿತ್ತು. ಗಫ್ ಮತ್ತು ಮಿಲ್ಲರ್ 2008ರಲ್ಲಿ ಬಿಟ್ಟು ಹೋದರು. ಲೆಕ್ಸ್ ಆಗಿದ್ದ ರೋಸೆನ್‌ಬಾಮ್ ಅದೇ ವರ್ಷ ಹೊರಟರು, ಲಾನಾ 2009ರಲ್ಲಿ. ಇನ್ನೊಬ್ಬ ಗೆಳತಿ ಕ್ಲೋಯಿ ಕೂಡ ಈ ಕಂತಿನಲ್ಲಿ ಇಲ್ಲ. ಹಳೇ ಸ್ಕೂಲಿನ ಸಮಾರಂಭ, ಆದರೆ ಹಳೇ ಗ್ಯಾಂಗ್‌ನಲ್ಲಿ ಉಳಿದಿರೋದು ಕ್ಲಾರ್ಕ್ ಒಬ್ಬ. ಜೊತೆಗೆ ಬಂದಿರೋ ಲೋಯಿಸ್ ಲೇನ್ ಆ ಸ್ಕೂಲಲ್ಲಿ ಓದಿದ್ದೇ ಸ್ವಲ್ಪ ದಿನ.

ಅಭಿಮಾನಿಗಳ ಮೊದಲ ಜಗಳ ಇದೇ. ಲಾನಾಳನ್ನ ಇಷ್ಟಪಟ್ಟವರಿಗೆ ಇದು ಬೇರೆ ಯಾರದೋ ಮದುವೆಗೆ ಹೋದ ಹಾಗೆ. ಲೋಯಿಸ್ ಕಡೆಯವರಿಗೆ ಕಥೆ ಕೊನೆಗೂ ಸರಿದಾರಿಗೆ ಬಂತು ಅನ್ನೋ ಖುಷಿ. ಇಬ್ಬರ ಮಾತಲ್ಲೂ ನ್ಯಾಯ ಇದೆ. ಆದರೆ ನನಗನ್ಸೋದು, ಯಾರೂ ಇಲ್ಲದಿರೋದ್ರಿಂದಲೇ ಈ ಕಂತಿಗೆ ಬೇರೆ ದಾರಿ ಹುಡುಕಬೇಕಾಯ್ತು. ಆ ದಾರಿ ಕಾಲಪ್ರಯಾಣ.

ಭವಿಷ್ಯದಿಂದ ಬಂದ ಅಭಿಮಾನಿಗಳು

ಇದು ಟಿವಿಯವರು ಹೊಸದಾಗಿ ಕಂಡುಹಿಡಿದಿದ್ದಲ್ಲ. ಬಾಲಕ ಸೂಪರ್‌ಮ್ಯಾನ್, ಅಂದ್ರೆ ಸೂಪರ್‌ಬಾಯ್, ಕಾಮಿಕ್ಸ್‌ಗೆ ಬಂದಿದ್ದು 1945ರಲ್ಲಿ. 1958ರಲ್ಲಿ 'ಅಡ್ವೆಂಚರ್ ಕಾಮಿಕ್ಸ್' 247ನೇ ಸಂಚಿಕೆಯಲ್ಲಿ ಲೇಖಕ ಆಟೋ ಬೈಂಡರ್, ಚಿತ್ರಕಾರ ಆಲ್ ಪ್ಲಾಸ್ಟಿನೋ ಸೇರಿ ಒಂದು ಕಥೆ ಮಾಡಿದರು. ಸಾವಿರ ವರ್ಷ ಆಚೆಯಿಂದ ಮೂರು ಹುಡುಗ ಹುಡುಗಿಯರು ಸೂಪರ್‌ಬಾಯ್‌ನ ಹುಡುಕ್ಕೊಂಡು ಸ್ಮಾಲ್‌ವಿಲ್ ಊರಿಗೆ ಬರ್ತಾರೆ, ನಮ್ಮ ಕ್ಲಬ್ ಸೇರು ಅಂತಾರೆ. ಅದೇ 'ಲೀಜನ್ ಆಫ್ ಸೂಪರ್-ಹೀರೋಸ್'. ಬ್ರೈನಿಯಾಕ್ 5 ಅನ್ನೋ ಪಾತ್ರ ಆ ಗುಂಪಿಗೆ ಬಂದಿದ್ದು 1961ರಲ್ಲಿ.

ಯೋಚನೆ ಮಾಡಿ, ಈ ಮಕ್ಕಳು ಯಾರು? ಇವನ ಕಥೆ ಮುಂಚೆನೇ ಗೊತ್ತಿರೋರು, ಇವನನ್ನ ಮೆಚ್ಚಿ ಬಂದೋರು. ಒಂದೇ ಮಾತಲ್ಲಿ, ಅಭಿಮಾನಿಗಳು! ಕಾಮಿಕ್ಸ್ ಓದೋ ಹುಡುಗ ಪುಟದ ಒಳಗೆ ಹೋಗಿ ತನ್ನ ಹೀರೋನ ಭುಜ ತಟ್ಟೋ ಥರ.

'ಹೋಮ್‌ಕಮಿಂಗ್' ಕಂತಿನಲ್ಲಿ ಕ್ಲಾರ್ಕ್‌ನ ಕರ್ಕೊಂಡು ಹೋಗೋದು ಇದೇ ಬ್ರೈನಿಯಾಕ್ 5. ಪಾತ್ರ ಮಾಡಿದ್ದು ಜೇಮ್ಸ್ ಮಾರ್ಸ್ಟರ್ಸ್. ಐದನೇ ಸೀಸನ್‌ನಲ್ಲಿ ದುಷ್ಟ ಬ್ರೈನಿಯಾಕ್ ಆಗಿದ್ದ ಅದೇ ನಟ. ವಿಲನ್ ಈಗ ಮಾರ್ಗದರ್ಶಿ. ಹಿಂದೆ, ಇಂದು, ಮುಂದೆ ಅನ್ನೋ ಮೂರು ಹೆಜ್ಜೆಯಂತೂ 1843ರಲ್ಲಿ ಚಾರ್ಲ್ಸ್ ಡಿಕನ್ಸ್ ಬರೆದ 'ಎ ಕ್ರಿಸ್‌ಮಸ್ ಕ್ಯಾರಲ್' ಕಥೆಯದ್ದೇ ಅಚ್ಚು.

ಅಪ್ಪನ ಸಾವು ಯಾರ ಲೆಕ್ಕಕ್ಕೆ?

ಈಗ ಮುಖ್ಯ ವಿಷಯ. 1978ರ ಸೂಪರ್‌ಮ್ಯಾನ್ ಸಿನಿಮಾದಲ್ಲಿ ಲೋಯಿಸ್ ಸಾಯ್ತಾಳೆ. ಕ್ರಿಸ್ಟೋಫರ್ ರೀವ್ ಭೂಮಿ ಸುತ್ತ ಹಾರಿ ಕಾಲವನ್ನೇ ಹಿಂದಕ್ಕೆ ತಿರುಗಿಸ್ತಾರೆ, ಅವಳು ಬದುಕ್ತಾಳೆ. ಬೆಲೆ ಏನೂ ಇಲ್ಲ, ಪೂರ್ತಿ ಫ್ರೀ.

ಸ್ಮಾಲ್‌ವಿಲ್‌ನ 100ನೇ ಕಂತು, 'ರೆಕನಿಂಗ್', 2006ರ ಜನವರಿಯಲ್ಲಿ ಬಂತು. ಅಲ್ಲಿ ಇದೇ ಉಪಾಯಕ್ಕೆ ಬಿಲ್ ಬರುತ್ತೆ. ಕ್ಲಾರ್ಕ್ ಲಾನಾಗೆ ತನ್ನ ಗುಟ್ಟು ಹೇಳ್ತಾನೆ, ಅದೇ ರಾತ್ರಿ ಅವಳು ಅಪಘಾತದಲ್ಲಿ ಸಾಯ್ತಾಳೆ. ಅವನು ಕಾಲ ಹಿಂದಕ್ಕೆ ತಿರುಗಿಸಿ ಅವಳನ್ನ ಉಳಿಸ್ಕೋತಾನೆ. ಆದರೆ ಆ ಎರಡನೇ ಸಲದ ದಿನದಲ್ಲಿ ಅಪ್ಪ ಜೊನಾಥನ್ ಕೆಂಟ್ ಹೃದಯಾಘಾತದಿಂದ ತೀರಿಕೊಳ್ತಾನೆ. ಒಂದು ಜೀವಕ್ಕೆ ಇನ್ನೊಂದು ಜೀವ.

ಅಲ್ಲಿಂದ ಅಭಿಮಾನಿಗಳ ನಡುವೆ ಒಂದೇ ಪ್ರಶ್ನೆ: ಅಪ್ಪನ್ನ ಕೊಂದಿದ್ದು ಮಗನಾ? ಕಾಲ ಮುಟ್ಟದೇ ಇದ್ದಿದ್ರೆ ಅಪ್ಪ ಇರ್ತಿದ್ದ ಅಂತ ಕೆಲವರು. ಅಪ್ಪನ ಹೃದಯ ಮೊದಲೇ ದುರ್ಬಲ ಆಗಿತ್ತು, ಆ ರಾತ್ರಿ ಲಯನಲ್ ಲೂಥರ್ ಜೊತೆ ಕೈ ಮಿಲಾಯಿಸೋಕೆ ಹೋಗಿದ್ದು ಅವನದೇ ನಿರ್ಧಾರ ಅಂತ ಇನ್ನು ಕೆಲವರು. ಕ್ಲಾರ್ಕ್ ಮಾತ್ರ ತಪ್ಪು ತನ್ನದೇ ಅಂತ ಹೊತ್ಕೊಂಡೇ ಓಡಾಡ್ತಾನೆ.

ನೂರು ಕಂತು ಆದ್ಮೇಲೆ ಬ್ರೈನಿಯಾಕ್ 5 ಅವನನ್ನ ಅದೇ ನೋವಿನ ಹತ್ತಿರ ತಂದು ನಿಲ್ಲಿಸ್ತಾನೆ. ಈ ಸಲ ನೋಡೋದಷ್ಟೇ, ಬದಲಾಯಿಸೋ ಹಾಗಿಲ್ಲ. ಗಮನಿಸಿ, ಒಂದೇ ಹೀರೋ, ಮೂರು ಥರದ ಕಾಲಪ್ರಯಾಣ. 1978ರಲ್ಲಿ ಹಿಂದಿನದ್ದನ್ನ ಸುಲಭವಾಗಿ ಅಳಿಸಬಹುದಿತ್ತು. 2006ರಲ್ಲಿ ಅಳಿಸಿದ್ರೆ ದಂಡ ಕಟ್ಟಬೇಕು. 2010ರಲ್ಲಿ ಅಳಿಸೋದೇ ಬೇಡ, ಸರಿಯಾಗಿ ನೋಡು ಸಾಕು. ಅಕೌಂಟ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಆಡಿಟರ್ ಹಳೇ ಎಂಟ್ರಿ ತಿದ್ದೋ ಹಾಗಿಲ್ಲ. ಆದರೆ ಯಾವುದು ಯಾರ ಖಾತೆಗೆ ಸೇರಬೇಕು ಅಂತ ಕೇಳಬಹುದು. ಅಪ್ಪನ ನಿರ್ಧಾರ ಅಪ್ಪನ ಖಾತೆಗೆ ಹೋದಾಗ್ಲೇ ಮಗ ಹಗುರ ಆಗೋದು.

ಮುಂದಿನ ಕಾಲ ಅಂದ್ರೆ 2017. ಡೈಲಿ ಪ್ಲಾನೆಟ್ ಆಫೀಸಲ್ಲಿ ಕನ್ನಡಕ ಹಾಕಿ ತಡವರಿಸೋ ದೊಡ್ಡ ಕ್ಲಾರ್ಕ್‌ನ ಈ ಕ್ಲಾರ್ಕ್ ನೋಡ್ತಾನೆ. ನಮಗೆಲ್ಲ ಮೊದಲಿಂದ ಗೊತ್ತಿದ್ದ ವಿಷಯ ಅವನಿಗೆ ಅವತ್ತು ಗೊತ್ತಾಗುತ್ತೆ. ಕೊನೆಗೆ ವಾಪಸ್ ಬಂದು ಲೋಯಿಸ್ ಜೊತೆ ಕೊಟ್ಟಿಗೆಯಲ್ಲಿ ಡ್ಯಾನ್ಸ್ ಮಾಡ್ತಾನೆ. ಇಬ್ಬರ ಕಾಲೂ ಅವರಿಗೇ ಗೊತ್ತಿಲ್ಲದೆ ನೆಲ ಬಿಟ್ಟು ಮೇಲೆ ಬಂದಿರುತ್ತೆ. ಹಾರಬಾರದು ಅನ್ನೋ ನಿಯಮ ಇದ್ದ ಕಥೆಯಲ್ಲಿ ಆ ಒಂದಿಷ್ಟು ಎತ್ತರಕ್ಕೆ ಬೆಲೆ ತುಂಬಾ. ನಿರ್ದೇಶಕ ಜಾನೋ ಸ್ವಾರ್ಕ್ 1980ರಲ್ಲೇ 'ಸಮ್‌ವೇರ್ ಇನ್ ಟೈಮ್' ಅನ್ನೋ ಕಾಲಪ್ರಯಾಣದ ಪ್ರೇಮಕಥೆ ಮಾಡಿದ್ದವರು. ಅದರ ಹೀರೋ? ಕ್ರಿಸ್ಟೋಫರ್ ರೀವ್!

ಈಗ ಮತ್ತೆ ನೋಡಿದ್ರೆ

2022ರಲ್ಲಿ ವೆಲ್ಲಿಂಗ್ ಮತ್ತು ರೋಸೆನ್‌ಬಾಮ್ ಇಬ್ಬರೂ ಸೇರಿ 'ಟಾಕ್ ವಿಲ್' ಪಾಡ್‌ಕ್ಯಾಸ್ಟ್ ಶುರು ಮಾಡಿದರು. ತಾವೇ ನಟಿಸಿದ ಕಂತುಗಳನ್ನ ಒಂದೊಂದಾಗಿ ಕೂತು ನೋಡ್ತಾರೆ. ಇದೂ ಒಂಥರಾ ಕಾಲಪ್ರಯಾಣವೇ.

ಆದರೆ ಹಳೇದೆಲ್ಲ ಸಿಹಿ ಅಲ್ಲ. ಕ್ಲೋಯಿ ಪಾತ್ರ ಮಾಡಿದ ಆಲಿಸನ್ ಮ್ಯಾಕ್‌ಗೆ 2021ರಲ್ಲಿ ನೆಕ್ಸಿಯಂ ಪ್ರಕರಣದಲ್ಲಿ ಮೂರು ವರ್ಷ ಜೈಲು ಶಿಕ್ಷೆ ಆಯ್ತು. ಎಷ್ಟೋ ಜನರ ಫೇವರಿಟ್ ಪಾತ್ರ ಅದು. ಈಗ ಅವಳು ತೆರೆ ಮೇಲೆ ಬಂದಾಗ ಏನು ಮಾಡ್ತೀರಿ? ಫಾರ್ವರ್ಡ್ ಮಾಡ್ತೀರಾ? ಪಾತ್ರ ಬೇರೆ, ಮನುಷ್ಯರು ಬೇರೆ ಅಂತೀರಾ? ಅಲ್ಲಿ ನೊಂದವರು ನಿಜವಾದ ಹೆಣ್ಣುಮಕ್ಕಳು. ಅದನ್ನ ಮರೆತು ನೋಡೋದು ನನಗೆ ಸರಿ ಕಾಣಲ್ಲ. ಹಾಗಂತ ನಮ್ಮ 15ನೇ ವಯಸ್ಸಿನ ಖುಷಿ ಸುಳ್ಳೂ ಅಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ನೋಡೋದು ಕಷ್ಟ, ಆದರೆ ನಾಸ್ಟಾಲ್ಜಿಯಾಗೂ ಇತಿಹಾಸಕ್ಕೂ ವ್ಯತ್ಯಾಸ ಇರೋದು ಅಲ್ಲೇ. ನಾಸ್ಟಾಲ್ಜಿಯಾ ಬೇಕಾದ್ದನ್ನ ಮಾತ್ರ ಆರಿಸ್ಕೊಳ್ಳುತ್ತೆ. ಇತಿಹಾಸ ಬೇಡದ್ದನ್ನೂ ಎದುರಿಗೆ ಇಡುತ್ತೆ.

ನಿಮಗೂ ಇಂಥ ಒಂದು ಧಾರಾವಾಹಿ ಇರಬಹುದು. 'ಶಕ್ತಿಮಾನ್' ಆಗಿರಬಹುದು, ಬೇರೆ ಯಾವುದಾದ್ರೂ ಆಗಿರಬಹುದು. ಈ ವಾರ ಅದರ ಒಂದು ಕಂತು ಮತ್ತೆ ಹಾಕಿ ನೋಡಿ. ಚಿಕ್ಕವರಿದ್ದಾಗ ಕಾಣದೇ ಇದ್ದದ್ದು ಏನು ಕಾಣ್ತು ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಒಳ್ಳೆಯವು ಸಿಕ್ಕಿದ್ರೆ ಮುಂದಿನ ಕಂತಲ್ಲಿ ಹಾಕ್ತೀನಿ. ಸಿಗೋಣ, ನಮಸ್ಕಾರ.