ಬೋರರ್ ಹುಳ ಬರೆದ ನಕ್ಷೆ

ಸೋಮವಾರಪೇಟೆ ಕಡೆ ನಮ್ಮದು ಐದು ಎಕರೆ ಅರೇಬಿಕಾ ತೋಟ. ಹೋದ ವರ್ಷ ಮೊಬೈಲ್ ಹಿಡಿದು ಬಂದ ಹುಡುಗ ಹಲಸಿನ ಬುಡದಲ್ಲಿ ನಿಂತು ಒಂದು ಚುಕ್ಕೆ ಗುರುತಿಸಿಕೊಂಡ. ಕಾಡು ಕಡಿದ ನೆಲದ ಕಾಫಿ ಬೇಡವೆನ್ನುವ ಯುರೋಪಿನ ಹೊಸ ಕಾಯ್ದೆಗೆ, ನಾಲ್ಕು ಹೆಕ್ಟೇರಿನೊಳಗಿನ ತೋಟವಾದರೆ ಅಷ್ಟು ಸಾಕು. 2020ರ ಡಿಸೆಂಬರ್ 31ರ ಈಚೆಗೆ ಅಲ್ಲಿ ಕಾಡು ಕಡಿದಿಲ್ಲವೆಂದು ಉಪಗ್ರಹದ ಚಿತ್ರದೊಡನೆ ತಾಳೆ ನೋಡುತ್ತಾರಂತೆ. ಅವನ ಪರದೆಯಲ್ಲಿ ನಮ್ಮ ತೋಟವೂ ಬೇಲಿಯಾಚೆಯ ದೇವರಕಾಡೂ ಒಂದೇ ಹಸಿರು. "ಇದು ಕಾಡೋ ತೋಟವೋ, ಅಜ್ಜಿ?" ಎಂದ.

ಆ ಗೊಂದಲಕ್ಕೆ ಕಾರಣ ಒಂದು ಹುಳ. 1834ರಲ್ಲಿ ಕೊಡಗು ಬ್ರಿಟಿಷರ ಕೈಸೇರಿತು. 1854ರಲ್ಲಿ ಫೌಲರ್ ಎಂಬಾತ ಮಡಿಕೇರಿಯಲ್ಲಿ ಮೊದಲ ಯುರೋಪಿಯನ್ ತೋಟ ತೆರೆದ. ಅವನ ಹಿಂದೆ ಬಂದ ದೊರೆಗಳು ಗುಡ್ಡಗಳ ಕಾಡನ್ನು ಕಡಿದು ಸುಟ್ಟು, ಬಟ್ಟಬಿಸಿಲಿನಲ್ಲಿ ಕಾಫಿ ನೆಟ್ಟರು. ಹತ್ತು ಹನ್ನೆರಡು ವರ್ಷಕ್ಕೇ ಬೋರರ್ ಬಿತ್ತು. ಬಿಸಿಲು ತಾಗುವ ಕಾಂಡವೆಂದರೆ ಈ ಜೀರುಂಡೆಗೆ ಇಷ್ಟ. ತೊಗಟೆಯ ಸಂದಿಯಲ್ಲಿ ಮೊಟ್ಟೆಯಿಡುತ್ತದೆ, ಮರಿಹುಳ ಒಳಗೇ ಸುರಂಗ ಕೊರೆಯುತ್ತದೆ, ಗಿಡ ಹಳದಿಯಾಗಿ ಸಾಯುತ್ತದೆ. ತೋಟಕ್ಕೆ ತೋಟವೇ ಹೋಯಿತು. ಮದರಾಸು ಸರ್ಕಾರದ ಪರವಾಗಿ ಪರಿಶೀಲಿಸಿದ ಡಾಕ್ಟರ್ ಜಾರ್ಜ್ ಬಿಡಿ 1869ರ ವರದಿಯಲ್ಲಿ ನೆರಳು ಬೇಕೆಂದ. ಮರಗಳು ತೋಟಕ್ಕೆ ಮರಳಿದವು.

ಅಪ್ಪ ಬಿಡಿಯ ಹೆಸರು ಕೇಳಿದವರಲ್ಲ. ಆದರೆ ಮಳೆಗಾಲಕ್ಕೆ ಮುಂಚೆ ಮರಗಸಿ, ಅಂದರೆ ನೆರಳಿನ ಮರಗಳ ಕೊಂಬೆ ಸವರುವ ಕೆಲಸ, ಮಾಡಿಸುವಾಗ ಬುಡದಲ್ಲೇ ನಿಂತು, "ಕೊಂಬೆ ಪೂರ್ತಿ ತೆಗೀಬೇಡಿ, ಬೋರರ್ ಬರ್ತದೆ" ಎಂದು ಕೂಗುತ್ತಿದ್ದರು.

ನಮ್ಮ ದೇಶದ ಅರಣ್ಯ ಸಮೀಕ್ಷೆ 1987ರಿಂದ ಉಪಗ್ರಹದ ಚಿತ್ರ ನೋಡಿ ಲೆಕ್ಕ ಕೊಡುತ್ತಿದೆ. ಕನಿಷ್ಠ ಒಂದು ಹೆಕ್ಟೇರು ಜಾಗದಲ್ಲಿ ಕನಿಷ್ಠ ಶೇಕಡಾ 10 ಮರದ ನೆರಳು ಇದ್ದರೆ ಅದು ಅರಣ್ಯ ಹೊದಿಕೆ. ಮರ ಯಾವುದು, ಜಮೀನು ಯಾರದು ಎಂದು ಕೇಳುವುದಿಲ್ಲ. ಹಾಗಾಗಿ ಕಾಫಿ ತೋಟವೂ ಅಲ್ಲಿ ಅರಣ್ಯವೇ.

ಉಪಗ್ರಹ ಬೇಡವೆನ್ನುವವಳಲ್ಲ ನಾನು. ಐವರಿ ಕೋಸ್ಟ್, ಘಾನಾಗಳಲ್ಲಿ ರಕ್ಷಿತ ಕಾಡಿನೊಳಗೆ ಕೋಕೋ ಹಬ್ಬಿದ್ದನ್ನು ನಕ್ಷೆಗೆ ತಂದದ್ದು ಅದೇ. ಆದರೆ ನನ್ನ ತೋಟದಲ್ಲಿ ಅದಕ್ಕೆ ಕಾಣದ್ದು ಒಂದಿದೆ. ಮೆಣಸಿನ ಬಳ್ಳಿಗೆ ಆಸರೆಯಾಗುತ್ತದೆ, ಬೇಗ ಬೆಳೆಯುತ್ತದೆ, ಕಡಿಯಲು ಪರವಾನಗಿಯ ತೊಡಕಿಲ್ಲ ಎಂದು ಅತ್ತಿ, ನಂದಿ ಮರಗಳನ್ನು ಒಂದೊಂದಾಗಿ ತೆಗೆಸಿ ಆಸ್ಟ್ರೇಲಿಯಾದ ಸಿಲ್ವರ್ ಓಕ್ ನೆಟ್ಟೆ. ಮೇಲಿನ ಹಸಿರು ಹಾಗೆಯೇ ಇದೆ. ಅತ್ತಿ ಹಣ್ಣಿಗೆ ಬರುತ್ತಿದ್ದ ಹಕ್ಕಿಗಳು ಈಗ ಬರುವುದಿಲ್ಲ. ಅದು ನಾನು ಮಾಡಿದ ತಪ್ಪು.

ನಿಮ್ಮ ತೋಟಕ್ಕೂ ಚುಕ್ಕೆ ಇಡಲು ಯಾರಾದರೂ ಬಂದರೆ, ನೆರಳಿನೊಳಗೆ ಕರೆದುಕೊಂಡು ಹೋಗಿ. ಉಳಿದಿರುವ ಮರಗಳ ಹೆಸರನ್ನೂ ಬರೆಸಿ.